ಸ್ಟೀಲ್ ಲೋಟಕ್ಕೆ ಬಿಸಿನೀರು

ಆ ದಿನ ಬೆಳಿಗ್ಗೆ ಇಂಗ್ಲೆಂಡಿನ ಬರ್ಚ್‌ವುಡ್ಡಿನಲ್ಲಿ ಎಂಥ ಮಂಜು ಕವಿದಿತ್ತೆಂದರೆ, ರೈಲಿನಿಂದಿಳಿದ ನಾರಾಯಣಸ್ವಾಮಿಗೆ ತನ್ನ ಆಫೀಸು ಹಾಗಿರಲಿ, ಆಫೀಸಿನ ದಾರಿಯೇ ಕಾಣಲಿಲ್ಲ. ರಾತ್ರಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ, ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು. ದೇವರ ನಾಮ ಹೇಳಿಕೊಳ್ಳುತ್ತಾ ಅಂದಾಜಿನ ಮೇಲೆ ನಡೆದು ಬಂದ. ಅವನ ಹಿಂದೆ ಬರಬೇಕಿದ್ದ ರೈಲುಗಳೆಲ್ಲ ತಡವಾಗಿದ್ದವು. ಲ್ಯಾಬಿನಲ್ಲಿ ಅವನೊಬ್ಬನೇ.

ಆ ಸಣ್ಣ ಕಂಪನಿ ಆಸ್ಪತ್ರೆಯ ಹಾಸಿಗೆಯ ಪಕ್ಕ ಇಡುವ ಯಂತ್ರವೊಂದನ್ನು ಮಾಡುತ್ತಿತ್ತು. ರೋಗಿಯ ಬೆರಳಿಗೆ ಒಂದು ಕ್ಲಿಪ್ಪು, ಅದು ನಾಡಿ ನೋಡುತ್ತದೆ. ಕೈಯಲ್ಲೊಂದು ಕೆಂಪು ಬಟನ್, ಒತ್ತಿದರೆ ನರ್ಸಿನ ಮೇಜಿನಲ್ಲಿ ದೀಪ ಹತ್ತುತ್ತದೆ. ಯಂತ್ರದೊಳಗೆ ಎರಡಕ್ಕೂ ಒಂದೊಂದು ಸರ್ಕ್ಯೂಟ್ ಕಾರ್ಡು. ನಾಡಿಯ ಕಾರ್ಡಿಗೆ ಕೋಡ್ ಬರೆದವನು ನಾರಾಯಣಸ್ವಾಮಿ, ಬಟನ್ನಿನ ಕಾರ್ಡಿಗೆ ಜಾಫರ್. ನಾರಾಯಣಸ್ವಾಮಿ ಬಸವನಗುಡಿಯವನು, ನಲವತ್ತು ದಾಟಿದವನು. ಜಾಫರ್ ಬಿಜಾಪುರದ ಹುಡುಗ, ಕಾಂಟ್ರಾಕ್ಟಿನ ಮೇಲೆ ಬಂದವನು. ಆ ಕಾಂಟ್ರಾಕ್ಟು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸದಿದ್ದರೆ ವರ್ಕ್ ಪರ್ಮಿಟ್ಟೂ ಹೋಯಿತು, ಊರಿಗೆ ಟಿಕೆಟ್ ತೆಗೆಯಬೇಕು. ಅದರ ತೀರ್ಮಾನ ಅಂದು ಮಧ್ಯಾಹ್ನದ ಮೀಟಿಂಗಿನಲ್ಲಿತ್ತು.

ಏಕೆಂದರೆ ಬಟನ್ ಒಮ್ಮೊಮ್ಮೆ ಕೈಕೊಡುತ್ತಿತ್ತು. ಒತ್ತಿದರೂ ದೀಪ ಹತ್ತುತ್ತಿರಲಿಲ್ಲ.

ಯಂತ್ರದೊಳಗಿನ ಕರ್ನಲ್ಲನ್ನು, ಎಂದರೆ ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮನ್ನು, ಊಟಕ್ಕೆ ಕೂತ ಮನೆಯ ಯಜಮಾನ ಎಂದುಕೊಳ್ಳಿ. ಯಾವ ಕಾರ್ಡೇ ಆಗಲಿ ಕರೆದರೆ, ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಏಳಲೇಬೇಕು. ಅದಕ್ಕೇ ಇಂಟರಪ್ಟ್ ಎನ್ನುವುದು. ಈ ಬೋರ್ಡಿನಲ್ಲಿ ಎರಡು ಕಾರ್ಡಿಗೂ ಸೇರಿ ಒಂದೇ ತಂತಿ. ತಂತಿ ಮಿಡಿದರೆ ಯಾರು ಕರೆದರೆಂದು ಯಜಮಾನನಿಗೆ ತಿಳಿಯದು. ಹಾಗಾಗಿ ಸಾಲಾಗಿ ಕೇಳುತ್ತಾನೆ. ಪ್ರತಿ ಕಾರ್ಡಿಗೂ ಹ್ಯಾಂಡ್ಲರ್ ಎಂಬ ಸಣ್ಣ ಪ್ರೋಗ್ರಾಮು. ಅದು ತನ್ನ ಕಾರ್ಡನ್ನು ನೋಡಿ "ನಮ್ಮದು" ಎನ್ನಬೇಕು, ಇಲ್ಲವೇ "ನಮ್ಮದಲ್ಲ" ಎನ್ನಬೇಕು. ಒಬ್ಬ ನಮ್ಮದು ಎಂದನೋ, ಇನ್ನೊಬ್ಬನನ್ನು ಕೇಳುವುದೇ ಇಲ್ಲ. ಕರೆಯೂ ಒಂದೇ ಸಲ ಬರುವುದು. ತಪ್ಪಿದರೆ ತಪ್ಪಿತು.

ಕೇಳುವ ಸರದಿಯಲ್ಲಿ ಮೊದಲಿದ್ದದ್ದು ನಾರಾಯಣಸ್ವಾಮಿಯ ಹ್ಯಾಂಡ್ಲರ್.

ದೀಪಾವಳಿಯ ವಾರದಲ್ಲಿ ಮ್ಯಾನೇಜರ್ ಡೆರೆಕ್ ಎಲ್ಲರನ್ನೂ ಕೂರಿಸಿ, ತೊಂದರೆ ಯಾರ ಕಡೆಯದೆಂದು ಕೇಳಿದ್ದ. ನಾರಾಯಣಸ್ವಾಮಿ ತನ್ನ ಕೋಡನ್ನು ತೆರೆದೂ ನೋಡದೆ ಹೇಳಿದ್ದ: "ನನ್ನದು ಎರಡು ವರ್ಷದಿಂದ ಓಡುತ್ತಿದೆ. ಹೊಸದಾಗಿ ಬಂದದ್ದು ಬಟನ್."

ಮೀಟಿಂಗ್ ಮುಗಿದ ಮೇಲೆ ಜಾಫರ್ ಕಾರಿಡಾರಿನಲ್ಲಿ ಮೆಲ್ಲಗೆ ಕನ್ನಡದಲ್ಲಿ, "ಸರ್, ಬೆರಳಿಗೆ ಕ್ಲಿಪ್ ಹಾಕ್ಕೊಂಡು ಬಟನ್ ಒತ್ತಿ ನೋಡ್ರಿ ಒಂದ್ಸಲ. ನಿಮ್ಮ ಹ್ಯಾಂಡ್ಲರ್ ಮೇಲೆ ಸ್ವಲ್ಪ ಡೌಟ್ ಅದ ನಂಗ" ಎಂದಿದ್ದ.

"ಅಲ್ಲ ಕಣಯ್ಯಾ, ನಾನು ಇಂಟರಪ್ಟ್ ಬರೆಯೋಕೆ ಶುರು ಮಾಡಿದಾಗ ನೀನು ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದೆ. ನನಗೆ ಹೇಳಿಕೊಡ್ತೀಯಾ?"

ಜಾಫರ್ ನಕ್ಕ. ಮಾತು ಕನ್ನಡದಲ್ಲಿತ್ತಲ್ಲ, ಪಕ್ಕದಲ್ಲಿ ಹಾದುಹೋದವರಿಗೆ ಹಿರಿಯ ಕಿರಿಯ ಕಷ್ಟಸುಖ ಮಾತಾಡುತ್ತಿದ್ದಾರೆ ಎಂದೇ ತೋರಿರಬೇಕು.

ಆ ಆಫೀಸಿನಲ್ಲೊಂದು ಪದ್ಧತಿ. ಯಾರ ಕೋಡಿನಿಂದ ಯಂತ್ರ ಕೆಟ್ಟಿತೋ, ಅದು ಸರಿಹೋಗುವವರೆಗೆ ಅವನೇ ಎಲ್ಲರಿಗೂ ಟೀ ಮಾಡಬೇಕು. "ನಮ್ಮಲ್ಲಿ ಗಲ್ಲುಶಿಕ್ಷೆ ಇಲ್ಲ, ಕೆಟಲ್ ಇದೆ" ಎಂದು ಡೆರೆಕ್ ನಗಿಸುತ್ತಿದ್ದ. ಹಾಗೆ ಕೆಟಲ್ ಜಾಫರನ ಪಾಲಿಗೆ ಬಂತು. ಅದರ ಬೆನ್ನಿಗೇ ಆ ವರ್ಷದ ರಂಜಾನ್ ತಿಂಗಳೂ ಶುರುವಾಯಿತು. ಗಂಟಲಿಗೆ ಹನಿ ನೀರು ಇಳಿಸದ ಹುಡುಗ ದಿನವೂ ಟ್ರೇ ಹಿಡಿದು, ಇವರಿಗೆ ಸಕ್ಕರೆ ಬೇಕು, ಅವರಿಗೆ ಹಾಲು ಬೇಡ ಎಂದು ಲೆಕ್ಕವಿಟ್ಟುಕೊಂಡು ಓಡಾಡಿದ.

ಇನ್ನೊಂದು ಸಂಗತಿಯಿದೆ. ನಾರಾಯಣಸ್ವಾಮಿ ಮನೆಯಿಂದ ತಂದ ತನ್ನ ಸ್ಟೀಲ್ ಲೋಟದಲ್ಲೇ ಕುಡಿಯುವವನು. ಮೊದಲ ದಿನ ಜಾಫರ್ ಆ ಲೋಟದ ಮುಂದೆ ನಿಂತು ಅನುಮಾನಿಸಿದ. "ಸರ್, ನೀವು ನೇಮದವರು. ನಾನು ಬರೀ ಬಿಸಿನೀರು ಹಾಕ್ತೀನಿ. ಟೀ ಬ್ಯಾಗು, ಹಾಲು ನೀವೇ ಹಾಕ್ಕೊಳ್ರಿ." ಹಾಗೇನಿಲ್ಲ ಕಣೋ, ನೀನೇ ಮಾಡಿಕೊಡು ಎನ್ನಲು ಎಷ್ಟು ಹೊತ್ತು? ಆದರೆ ನಾರಾಯಣಸ್ವಾಮಿ ಹೂಂ ಎಂದೂ ಅಲ್ಲ, ಊಹೂಂ ಎಂದೂ ಅಲ್ಲ ಎಂಬಂತೆ ಒಂದು ನಗೆ ನಕ್ಕ. ಅಂದಿನಿಂದ ಅವನ ಲೋಟಕ್ಕೆ ದಿನವೂ ಬಿಸಿನೀರು ಮಾತ್ರ ಬಂತು. ಜಾಫರ್ ಕೆಟಲನ್ನು ಎತ್ತರದಲ್ಲಿ ಹಿಡಿದು, ಅಂಚಿಗೆ ತಗಲದ ಹಾಗೆ ಸುರಿಯುತ್ತಿದ್ದ.

ಮಂಜಿನ ಆ ಬೆಳಿಗ್ಗೆ, ಮಾಡಲು ಬೇರೆ ಕೆಲಸವಿಲ್ಲದೆ, ನಾರಾಯಣಸ್ವಾಮಿ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿಕೊಂಡ. ಪರದೆಯ ಮೇಲೆ ಅವನದೇ ನಾಡಿ ಹರಿಯತೊಡಗಿತು. ಇನ್ನೊಂದು ಕೈಯಿಂದ ಬಟನ್ ಒತ್ತಿದ. ದೀಪ ಹತ್ತಲಿಲ್ಲ. ಮತ್ತೆ ಒತ್ತಿದ, ಇಲ್ಲ. ಕ್ಲಿಪ್ ಕಿತ್ತು ಒತ್ತಿದ. ಹತ್ತಿತು.

ತನ್ನ ಕೋಡನ್ನು ತೆರೆದ. ಮೊದಲು ಆ ತಂತಿಯಲ್ಲಿ ಇದ್ದದ್ದು ಅವನ ಕಾರ್ಡೊಂದೇ. ಆಗ ಬರೆದ ಸಾಲು ಹಾಗೇ ಇತ್ತು. ಕಾರ್ಡು ಕರೆದಿದೆಯೇ ಎಂದು ಅದು ನೋಡುತ್ತಲೇ ಇರಲಿಲ್ಲ. ಕಾರ್ಡು ಕೆಲಸದಲ್ಲಿದೆಯೇ ಎಂದಷ್ಟೇ ನೋಡಿ, ಇದ್ದರೆ "ನಮ್ಮದು" ಎನ್ನುತ್ತಿತ್ತು. ನಾಡಿ ಓಡುವಷ್ಟು ಹೊತ್ತೂ ಕಾರ್ಡು ಕೆಲಸದಲ್ಲೇ ಇರುತ್ತದೆ. ಬಟನ್ನಿನ ಕೂಗನ್ನೆಲ್ಲ ಅವನ ಹ್ಯಾಂಡ್ಲರ್ ತನ್ನದೆಂದು ಬಾಚಿಕೊಂಡು, ಮಾಡಲೇನೂ ಇಲ್ಲದೆ ಬಿಸಾಡುತ್ತಿತ್ತು. ಜಾಫರನ ಹ್ಯಾಂಡ್ಲರನ್ನು ಕೇಳುವವರೇ ಇರಲಿಲ್ಲ.

ನಾರಾಯಣಸ್ವಾಮಿ ದಿನವೂ ಸಂಧ್ಯಾವಂದನೆ ಮುಗಿಸಿ, ತಿಳಿದೋ ತಿಳಿಯದೆಯೋ ಮಾಡಿದ್ದನ್ನು ಮನ್ನಿಸು ಎಂದು ನೀರು ಬಿಡುವವನು. ತಿಳಿಯದೆ ಎಂಬ ಆ ಮಾತಿನ ನೆರಳಲ್ಲಿ ಎಷ್ಟು ಸುಖವಾಗಿ ಕೂತಿದ್ದೆ ಎಂದು ಈಗ ಕಂಡಿತು. ತಿಳಿದುಕೊ ಎಂದು ಒಬ್ಬ ಬಂದು ಹೇಳಿದ್ದ. ಅವನನ್ನು ಚಡ್ಡಿಯ ಮಾತಾಡಿ ಕಳಿಸಿದ್ದೆ.

ಆ ಸಾಲನ್ನು ತಿದ್ದಿದ. ಕ್ಲಿಪ್ ಹಾಕಿಕೊಂಡೇ ಒತ್ತಿದ. ದೀಪ ಹತ್ತಿತು. ಆಗ ಮನಸ್ಸು ಇನ್ನೊಂದು ದಾರಿ ತೋರಿಸಿತು, ಅದನ್ನೂ ಹೇಳಬೇಕು. ಬಾಯಿ ಬಿಡದಿದ್ದರೆ ಬಟನ್ ತಾನಾಗಿಯೇ ಸರಿಹೋಯಿತು ಎಂದಾಗುತ್ತದೆ. ಯಾರು ಕೇಳುತ್ತಾರೆ?

ಹನ್ನೊಂದಕ್ಕೆ ಜಾಫರ್ ಟ್ರೇ ತಂದ. ತುಟಿ ಒಣಗಿತ್ತು. "ಏನ್ ಸರ್, ಇವತ್ತು ರೈಲಿಗಿಂತ ಮೊದಲೇ ಬಂದ್ಬಿಟ್ರಿ?" ಎನ್ನುತ್ತಾ ಕೆಟಲನ್ನು ಎತ್ತರಕ್ಕೆ ಹಿಡಿದು ಲೋಟಕ್ಕೆ ನೀರು ಸುರಿದ. ನಾರಾಯಣಸ್ವಾಮಿ ಪರದೆಯ ಕಡೆ ತಿರುಗಿದ. ಲೋಟದ ನೀರು ಹಾಗೇ ಆರಿತು.

ಮಧ್ಯಾಹ್ನ ಮೀಟಿಂಗಿನಲ್ಲಿ ಡೆರೆಕ್ ಪೆನ್ನಿನ ತುದಿ ನೋಡುತ್ತಾ ಶುರುಮಾಡಿದ. "ಜಾಫರ್, ನೀನು ಪ್ರಯತ್ನಪಟ್ಟೆ. ಅದು ನಮಗೆ ಗೊತ್ತು. ಆದರೆ ಶೆಫೀಲ್ಡಿನ ಆಸ್ಪತ್ರೆಯಲ್ಲಿ ಯಂತ್ರದ ಟ್ರಯಲ್ ಹತ್ತಿರ ಬಂತು..."

ಜಾಫರ್ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಬಟನ್ನಿನ ತಪ್ಪಲ್ಲ" ಎಂದ ನಾರಾಯಣಸ್ವಾಮಿ. "ನನ್ನ ಹ್ಯಾಂಡ್ಲರಿನದು. ಮೊದಲಿನಿಂದಲೂ ನನ್ನದೇ. ಜಾಫರ್ ಆಗಲೇ ಹೇಳಿದ್ದ. ನಾನು ಅವನನ್ನು ಗೇಲಿ ಮಾಡಿ ಕಳಿಸಿದೆ."

ಡೆರೆಕ್ ಪೆನ್ನನ್ನು ಕೆಳಗಿಟ್ಟು, "ಇದನ್ನು ಕಂಡುಕೊಂಡದ್ದು ಯಾವಾಗ, ಸ್ವಾಮಿ?" ಎಂದ.

"ಬೆಳಿಗ್ಗೆ."

"ಬೆಳಿಗ್ಗೆ" ಎಂದು ಡೆರೆಕ್ ಗಡಿಯಾರದ ಕಡೆ ನೋಡಿದ. ಆಮೇಲೆ, "ಜಾಫರ್, ಶೆಫೀಲ್ಡಿಗೆ ನೀನು ಹೋಗು. ನಿನ್ನ ಕಾಂಟ್ರಾಕ್ಟಿನ ವಿಷಯ ಇವತ್ತೇ ಮುಗಿಸುತ್ತೇನೆ, ನೀನು ಇಲ್ಲೇ ಇರುತ್ತೀ" ಎಂದು ಎದ್ದ.

ಹೊರಗೆ ಬಂದಾಗ ನಾರಾಯಣಸ್ವಾಮಿ ಹಿಂದೆ ಉಳಿದು, "ಜಾಫರ್, ನನ್ನಿಂದ..." ಎಂದ.

"ನಂಗ ಗೊತ್ತಿತ್ತು ಸರ್. ನಿಮ್ಮ ಕೋಡ್ ಓದಿದ್ದೆ." ಜಾಫರ್ ನಗಲಿಲ್ಲ. "ಡೆರೆಕ್‌ಗೆ ನಾನೇ ಹೇಳಬಹುದಿತ್ತು. ನಮ್ಮೂರ ಕಡೆಯ ಹಿರಿಯರು, ನೀವೇ ನೋಡ್ಕೊತೀರಿ ಅಂತ ಕಾದೆ." ಅಷ್ಟು ಹೇಳಿ ತನ್ನ ಮೇಜಿಗೆ ಹೋದ.

ನಾಲ್ಕರ ಹೊತ್ತಿಗೆ ಮಂಜಿನಾಚೆ ಬೆಳಕು ಕೆಂಪಾಗಿ ತೆಳುವಾಯಿತು. ಅಡುಗೆಕೋಣೆಯಲ್ಲಿ ಯಾರೋ ಕೆಟಲ್ ಇಟ್ಟ ಸದ್ದು ಕೇಳಿ ಜಾಫರ್ ಅಭ್ಯಾಸದಿಂದ ಏಳಹೋದ. ಆಗಲೇ ನಾರಾಯಣಸ್ವಾಮಿ ಟ್ರೇ ಹಿಡಿದು ಬಂದ. ಮಗ್ಗುಗಳನ್ನು ಒಂದೊಂದಾಗಿ ಎಲ್ಲರ ಮುಂದಿಟ್ಟ, ಯಾರಿಗೆ ಸಕ್ಕರೆ ಎಂಬುದು ಗೊತ್ತಿಲ್ಲದೆ ಎರಡು ಕಡೆ ತಪ್ಪಿದ. ಕೊನೆಗೆ ಉಳಿದದ್ದು ಸ್ಟೀಲ್ ಲೋಟ. ಹಾಲು ಹಾಕಿದ ಟೀ, ಮೇಲೆ ಹಬೆ.

"ಅದು ನಿಮ್ಮ ಲೋಟ ಅಲ್ಲೇನ್ರಿ" ಎಂದ ಜಾಫರ್.

"ಹೌದು."

ಜಾಫರ್ ಡ್ರಾಯರಿನಿಂದ ಖರ್ಜೂರದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಕಿಟಕಿ ನೋಡಿದ, ಕೈಗಡಿಯಾರ ನೋಡಿದ. "ಇನ್ನೂ ಹೊತ್ತಾಗಿಲ್ಲ ಸರ್."

ಸ್ಟೀಲ್ ಲೋಟ ಬೆರಳು ಸುಡುತ್ತಿತ್ತು. ನಾರಾಯಣಸ್ವಾಮಿ ಅದನ್ನು ಕೆಳಗಿಡಲಿಲ್ಲ. ಹಿಡಿದೇ ನಿಂತ. ಕಿಟಕಿಯ ಹೊರಗೆ ಹೊತ್ತು ಮುಳುಗಿತು. ಜಾಫರ್ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡು ಒಂದು ಖರ್ಜೂರವನ್ನು ಬಾಯಿಗಿಟ್ಟು, ಆಮೇಲೆ ಕೈ ಚಾಚಿದ.

ನಾರಾಯಣಸ್ವಾಮಿ ಲೋಟವನ್ನು ಆ ಕೈಗೆ ಕೊಟ್ಟ.