ಗುಂಡುಪಿನ್ನು ಚುಚ್ಚಿದ ಪುಟಗಳು

ಹಳದಿಯಾದ ಹಾಳೆಯ ವಾಸನೆ, ಒದ್ದೆ ಗೋಣಿಚೀಲದ ಹಾಗೆ, ಫಿನಾಯಿಲನ್ನೂ ಹಿಂದೆ ಹಾಕಿ ಮೂಗಿಗೆ ಬಡಿಯಿತು, ಓದೇ ಪುಕ್ಕಲಿ, ಯಾಕೆ ನಿಲ್ಲಿಸಿದೆ, ಆಸ್ಪತ್ರೆಯ ಮಂಚದಿಂದ ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು, ತಡಿ, ಕನ್ನಡಕ ಜಾರ್ತಿದೆ ಎಂದಳು ಇವಳು, ತಂಗಿ — ಕನ್ನಡಕ ನೆಟ್ಟಗೇ ಇತ್ತು, ಬೆಳಿಗ್ಗೆ ಡಾಕ್ಟರು ಹೊರಗೆ ಕರೆದು ಹೇಳಿದ್ದು ಮಾತ್ರ ಸಾಲು ಸಾಲಿನ ಮಧ್ಯೆ ಬಂದು ಕೂರುತ್ತಿತ್ತು, ಹೆಚ್ಚೆಂದರೆ ಒಂದು ತಿಂಗಳು, ಅವರಿಗೆ ನೀವೇ ಹೇಳಿದರೆ ಒಳ್ಳೆಯದು, ನೀವೇ ಅಂದರೆ ಇವಳೇ, ಇನ್ಯಾರಿದ್ದಾರೆ — ಅಟ್ಟದ ಟ್ರಂಕಿನಿಂದ ಅಕ್ಕ ಹಟ ಹಿಡಿದು ತರಿಸಿಕೊಂಡ ದೆವ್ವದ ಪುಸ್ತಕಗಳು, ಹನ್ನೆರಡು, ಎಲ್ಲದರ ರಟ್ಟಿನ ಮೇಲೂ ಅದೇ ಹುಡುಗಿ, ಅದೇ ಬಿಳಿ ಗೌನು, ಬಾಯಿ ತೆರೆದಿದ್ದಾಳೆ, ನಕ್ಕರೆ ಹೊಟ್ಟೆ ನೋಯತ್ತೆ ಕಣೆ, ಇದಕ್ಕಾ ನೀನು ನನ್ನ ಚಾದರದೊಳಗೆ ತೂರ್ಕೋತಿದ್ದಿದ್ದು, ಹೂಂ, ತೂರುತ್ತಿದ್ದಳು, ಹತ್ತು ವರ್ಷ ಆಗ, ಅಕ್ಕ ಮೊದಲೇ ಓದಿ ಮುಗಿಸಿರುತ್ತಿದ್ದಳು, ಹದಿನಾರಕ್ಕೇ ಹೊಲಿಗೆ ಅಂಗಡಿ ಸೇರಿದವಳು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವಳು, ತಂಗಿ ಓದುವುದು ಬೇಡವೆನಿಸಿದ ಪುಟಗಳನ್ನು ಜೋಡಿಸಿ ಪಿನ್ನು ಚುಚ್ಚಿ ಕೊಡುತ್ತಿದ್ದಳು, ಬಿಚ್ಚಿದ್ರೆ ಗೊತ್ತಾಗತ್ತೆ, ತೂತು ನೋಡಿದ್ರೆ ತಿಳಿಯತ್ತೆ ನಂಗೆ, ಇವಳು ಒಂದು ದಿನವೂ ಬಿಚ್ಚಲಿಲ್ಲ, ಒಳಗೆ ಎಂಥ ಘೋರ ಇದೆಯೋ ಎಂದು ಆ ದಪ್ಪವನ್ನು ಎರಡು ಬೆರಳಲ್ಲಿ ಹಿಡಿದು ದಾಟಿಬಿಡುತ್ತಿದ್ದಳು.

ಈಗ ಅದೇ ಪಿನ್ನು, ತುಕ್ಕು ಹಿಡಿದಿದೆ, ಸದ್ದಿಲ್ಲದೆ ಎಳೆದಾಗ ಬೆರಳಿಗೆ ಕಂದು ಪುಡಿ ಹತ್ತಿತು — ಬಾವಿಯಿಂದ ಕೈ ಬರುವ ಪುಟಕ್ಕೆ ಅಕ್ಕ ಪಿನ್ನು ಚುಚ್ಚಿಲ್ಲ, ರುಂಡ ಉರುಳುವ ಪುಟಕ್ಕೂ ಚುಚ್ಚಿಲ್ಲ, ಮುಚ್ಚಿಟ್ಟ ಪುಟಗಳಲ್ಲಿ ದೆವ್ವವೇ ಇಲ್ಲ, ಆ ಹುಡುಗಿಯ ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಭಾನುವಾರ ಬಂದುಬಿಡ್ತೀನಿ ಎಂದು ಮಗಳ ತಲೆ ನೇವರಿಸುತ್ತಾಳೆ, ಬರುವುದಿಲ್ಲ, ಅಷ್ಟೇ — ಆ ವರ್ಷ ಇವರ ಅಮ್ಮನೂ ಆಸ್ಪತ್ರೆಯಲ್ಲಿದ್ದಳು, ಭಾನುವಾರ ಬರ್ತಾಳೆ, ಅಲುಗಾಡಬೇಡ, ಜಡೆ ಸೊಟ್ಟಗಾಗತ್ತೆ, ಎಷ್ಟು ಭಾನುವಾರ, ಅಕ್ಕನಿಗೆ ಗೊತ್ತಿತ್ತು, ಗೊತ್ತಿದ್ದೇ ಜಡೆ ಹೆಣೆಯುತ್ತಿದ್ದಳು, ಹದಿನಾರು ವರ್ಷದವಳು, ಬಾಯ್ತುಂಬ ಪಿನ್ನು — ಇವಳು ಆ ಪುಟಗಳನ್ನು ಹಾರಿಸಿ ಮುಂದಿನದನ್ನು ಓದತೊಡಗಿದಳು, ಅಕ್ಕ ಕಣ್ಣು ತೆರೆದಳು, ಡಾಕ್ಟರು ಏನಂದ್ರು, ಏನಿಲ್ಲ, ಇನ್ನೊಂದು ಟೆಸ್ಟ್ ಅಂತೆ, ಭಾನುವಾರದ ಹೊತ್ತಿಗೆ ಮನೆಗೆ ಹೋಗ್ಬಹುದು, ಬಾಯಿಂದ ಬಿದ್ದ ಮೇಲೆ ಇವಳಿಗೇ ಕೇಳಿಸಿತು, ಭಾನುವಾರ, ಹೇಗೆ ಹೆಕ್ಕಿಕೊಳ್ಳುವುದು ಅದನ್ನು, ಅಕ್ಕ ಪುಸ್ತಕ ಎಳೆದುಕೊಳ್ಳುತ್ತಾಳೆ, ಹೊಲಿದು ಹೊಲಿದು ಒರಟಾದ ಬೆರಳು ಪುಟದ ಅಂಚಿನಲ್ಲಿ ತಡಕುತ್ತ ಹೋಗಿ ನಿಲ್ಲುತ್ತದೆ, ಬಿಚ್ಚಿದೀಯಲ್ಲೇ ಪುಕ್ಕಲಿ, ಇಲ್ಲ ಕಣಕ್ಕ, ಅದಾಗೇ ಬಿಟ್ಕೊಂಡ್ಬಿಡ್ತು, ತೂತು ನೋಡಿದ್ರೆ ತಿಳಿಯಲ್ವಾ ನಂಗೆ, ಹೇಳಬೇಕು, ಈಗಲೇ, ಬಾಯಿ ತೆರೆಯುತ್ತಾಳೆ ರಟ್ಟಿನ ಮೇಲಿನ ಹುಡುಗಿಯ ಹಾಗೆ, ದನಿಯೇ ಇಲ್ಲ, ಅಕ್ಕ ಪುಟಗಳನ್ನು ಮತ್ತೆ ಜೋಡಿಸಿ ಹಿಡಿದು ಅಂಗೈ ಚಾಚಿದ್ದಾಳೆ, ಕೊಡು ಇಲ್ಲಿ ಆ ಪಿನ್ನು, ಇವಳ ಮುಷ್ಟಿ ಬಿಚ್ಚುತ್ತಿಲ್ಲ, ಪಿನ್ನು ಒಳಗೇ ಚುಚ್ಚುತ್ತಿದೆ, ಹಾಳೆಯ ಅಂಚಿನಲ್ಲಿ ಎರಡು ತೂತು, ಸುತ್ತ ಕಂದು ಕಲೆ, ಎರಡು ತೂತು