ಖಾಲಿ ಬುಟ್ಟಿಯ ಹೇಳಿಕೆ

ಜಲಜಕ್ಕನ ಬುಟ್ಟಿಯಲ್ಲಿ ಮೀನಿತ್ತೋ ಇಲ್ಲವೋ, ಕೇಸು ನಿಂತದ್ದು ಇಷ್ಟರ ಮೇಲೆ. ನಗಬೇಡಿ, ಕಾನೂನಿಗೆ ಇದು ತಮಾಷೆಯಲ್ಲ. ಸರಕಿನ ಟೆಂಪೋದಲ್ಲಿ ತಮ್ಮ ಸರಕಿನ ಜೊತೆ ಕೂತವರಿಗೆ ಏಟಾದರೆ ವಿಮಾ ಕಂಪನಿ ಪರಿಹಾರ ಕೊಡಬೇಕು. ಸರಕಿಲ್ಲದೆ ಕೂತರೆ ಬಿಟ್ಟಿ ಪ್ರಯಾಣಿಕರು, ಕಂಪನಿ ಕೈ ತೊಳೆದುಕೊಳ್ಳಬಹುದು. ಗಂಗೊಳ್ಳಿಯಿಂದ ಬೈಂದೂರಿಗೆ ಬೆಳಿಗ್ಗೆ ಮೀನಿನ ಜೊತೆ ಹೋದ ಹೆಂಗಸರು ಮಧ್ಯಾಹ್ನ ಅದೇ ಟೆಂಪೋ ಹತ್ತಿ ಬರುತ್ತಾರೆ. ನಾವುಂದದ ಹತ್ತಿರ ಅದು ಮಗುಚಿದ್ದು ಬರುವಾಗ. ಉಳಿದವರು ಗೀರುಗಾಯದಲ್ಲಿ ಪಾರಾದರು. ಜಲಜಕ್ಕನ ತೊಡೆಯ ಮೂಳೆ ಮುರಿಯಿತು. ಇನ್ನು ಅವಳು ಬುಟ್ಟಿ ಹೊರುವ ಹಾಗಿಲ್ಲ.

ಇಂಥದ್ದನ್ನು ವಿಚಾರಿಸಿ ಕಂಪನಿಗೆ ವರದಿ ಕೊಡುವುದು ನನ್ನ ಹೊಟ್ಟೆಪಾಡು. ಮನೆ ಬ್ರಹ್ಮಾವರ, ಸವಾರಿ ಬೈಕಿನಲ್ಲಿ. ಕುಂದಾಪುರದ ಆಫೀಸಿನಲ್ಲಿ ಮ್ಯಾನೇಜರ್ ಸುಜನ್ ಮೊದಲೇ ಹೇಳಿದ್ದ.

"ಕಾಣ್ ರಾಜೇಂದ್ರ, ಗಾಡಿ ರಿಪೇರಿ ವಿಮೆಗೆ ಸರ್ಕಾರ ದರ ಕಂಪನಿ ಕೈಗೇ ಬಿಟ್ಟ್ ಕೊಟ್ಟದ್ದೇ, ಎಲ್ಲಾ ಕಂಪನಿಯರೂ ನಾ ಕಮ್ಮಿ, ನೀ ಕಮ್ಮಿ ಅಂದ್ ಕಚ್ಚಾಡ್ತ್ರ್. ಆ ಟೆಂಪೋದ ವಿಮೆ ಹಿಡೂಕೆ ನಾವೂ ದೊಡ್ಡ್ ರಿಯಾಯ್ತಿ ಕೊಟ್ಟಿತ್. ಬೇರೆಯವ್ರಿಗೆ ಏಟ್ ಆಪ್ದಕ್ಕೆ ಮಾತ್ರ ದರ ಸರ್ಕಾರದ್ದೇ, ಅದ್ರಗೆ ಒಂದ್ ರೂಪಾಯಿ ಏರ್ಸೂಕಾತಿಲ್ಲೆ. ಹಂಗಾರೆ ಆ ರಿಯಾಯ್ತಿ ಎಲ್ಲಿಂದ ಹುಟ್ಟೂದ್?"

ಎಲ್ಲಿಂದ ಹುಟ್ಟುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪರಿಹಾರ ತಪ್ಪಿಸಲು ನಾನು ತರುವ ಹೇಳಿಕೆಗಳಿಂದ.

ಜಲಜಕ್ಕ ಗಂಗೊಳ್ಳಿಯ ಮನೆಯ ಜಗಲಿಯಲ್ಲಿ ಮಂಚದ ಮೇಲೆ ಒರಗಿದ್ದಳು. ಬುಟ್ಟಿಯಲ್ಲಿ ಏನಿತ್ತು ಎಂದು ನೇರವಾಗಿ ಕೇಳಿದ್ದರೆ ಅವಳು ಯೋಚಿಸಿ ಹೇಳುತ್ತಿದ್ದಳು. ನಾನು ಹಾಗೆ ಕೇಳಲಿಲ್ಲ. ಮೀನು ಮಾರುವವರನ್ನು ಕೆಣಕುವುದು ಹೇಗೆಂದು ಈ ಕರಾವಳಿಯಲ್ಲಿ ಹುಟ್ಟಿದವನಿಗೆ ಕಲಿಸಬೇಕಾ?

"ಎಂತ ಜಲಜಕ್ಕ, ಅಂದ್ ವ್ಯಾಪಾರ ಬಿದ್ದ್ ಹೋಯ್ತಂಬ್ರಲೆ? ಮೀನ್ ಹಂಗೇ ವಾಪಸ್ ಬಂತಂಬ್ರ್?"

ಅವಳ ಮುಖ ಕೆಂಪಾಯಿತು.

"ಯಾರ್ ಹೇಳದ್ ನಿಂಗೆ? ನನ್ ಬುಟ್ಟಿ ಖಾಲಿ ಆಗ್ದೆ ನಾ ಟೆಂಪೋ ಹತ್ತದ್ದೇ ಇಲ್ಲೆ. ಬರ್ಕೋ ಬೇಕಾರೆ."

ಬರೆದುಕೊಂಡೆ. 'ನನ್ನ ಬುಟ್ಟಿ ಖಾಲಿಯಾಗಿತ್ತು.' ಓದಿ ಹೇಳಿದೆ. ಅವಳು ಹೆಮ್ಮೆಯಿಂದಲೇ ಸಹಿ ಹಾಕಿದಳು. ಮಗಳು ವಿಜೇತಾ ಚಾ ತಂದಳು. ಕಾಗದ ಚೀಲಕ್ಕೆ ಸೇರಿದ ಮೇಲೆ ಆ ಹುಡುಗಿ ಮೆಲ್ಲಗೆ ಹೇಳಿದಳು.

"ಆ ದಿನ ಮನಿಗಂತ ಇಟ್ಕಂಡ್ ಬಂದ ಬಂಗ್ಡೆಯೂ ಬುಟ್ಟಿಯಿಂದ ರಸ್ತೆಗೆ ಚೆಲ್ಲಿ ಹೋಯ್ತ್."

ಮಾರುವವರು ಯಾರಾದರೂ ಮನೆಯ ಸಾರಿಗೆ ನಾಲ್ಕು ಮೀನು ತೆಗೆದಿಡದೆ ಬರುತ್ತಾರಾ? ಅದು ವ್ಯಾಪಾರದ ಮೀನಲ್ಲ, ಅದಕ್ಕೇ ಅವಳ ಲೆಕ್ಕದಲ್ಲಿ ಬುಟ್ಟಿ ಖಾಲಿ. ಅದೂ ಸರಕೇ ಎಂದು ಅವಳ ವಕೀಲರಿಗೆ ವಾದ ಹೂಡಲು ಆ ಬಂಗ್ಡೆ ಸಾಕಿತ್ತು. ಚೀಲದಿಂದ ಕಾಗದ ತೆಗೆದು ಒಂದು ಸಾಲು ಸೇರಿಸಿದರೆ ಆಗಿತ್ತು. ನಾನು ಲೋಟ ಕೆಳಗಿಟ್ಟು ಬೈಕ್ ಹತ್ತಿದೆ.

ವರದಿ ಕೊಟ್ಟೆ. "ಭಾರೀ ಲಾಯ್ಕ್ ಮಾಡ್ದೆ" ಎಂದ ಸುಜನ್. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಮನೆಯಲ್ಲಿ ಅಮ್ಮ ಮೀನು ಸಾರು ಬಡಿಸಿದರೆ ಮೀನನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದೆ. ಥೂ, ಇದೂ ಒಂದು ಅನ್ನವಾ ಅನಿಸಿತು. ಒಂದು ಸಂಜೆ ತಡೆಯಲಾಗದೆ ಮತ್ತೆ ಗಂಗೊಳ್ಳಿಗೆ ಹೋದೆ. ಹೇಳಿಕೆಯಿಂದ ಏನಾಗುತ್ತದೆ ಎಂದು ವಿವರಿಸಿ, ಮನೆಗೆ ಇಟ್ಟ ಮೀನಿನ ವಿಷಯ ವಕೀಲರಿಗೆ ಹೇಳು ಎಂದೆ.

ಜಲಜಕ್ಕ ಒರಗಿದ್ದಲ್ಲಿಂದ ಎದ್ದು ಕೂತಳು.

"ಅದೂ ಲೆಕ್ಕಕ್ಕೆ ಬತ್ತಂಬ್ದ್ ನಂಗೊತ್ತಿರ್ಲಿಲ್ಲ. ನಿಂಗೊತ್ತಿತ್ತಾ?"

"ಗೊತ್ತಿತ್."

"ಹಂಗಾರೆ ಅಂದ್ ನೀ ತಮಾಷಿ ಮಾಡದ್ದಲ್ಲ."

ಅವಳು ಬೈದಿದ್ದರೆ ಚೆನ್ನಾಗಿತ್ತು.

"ಈಗ ನಾ ಮಾತ್ ತಿರ್ಗ್ಸಿರೆ ಯಾರ್ ನಂಬ್ತ್ರ್? ದುಡ್ಡಿಗೆ ಸುಳ್ಳ್ ಹೇಳ್ತ್ಳ್ ಅಂತ್ರ್. ನೀ ಹೇಳ್ರೆ ನಂಬ್ತ್ರ್. ಕೋರ್ಟಗೆ ಹೇಳ್ತ್ಯಾ?"

ಹೇಳಿದರೆ ಸುಜನ್ ಮಾತ್ರವಲ್ಲ, ಯಾವ ಕಂಪನಿಯೂ ನನ್ನನ್ನು ಕರೆಯುವುದಿಲ್ಲ. ಅದು ಅವಳಿಗೂ ಗೊತ್ತಾಗಿರಬೇಕು, ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೇಳ್ತೆ" ಎಂದೆ.

"ಬಾಯಗೆ ಹೇಳದ್ದ್ ಬ್ಯಾಡ. ಹೆಣೆ ವಿಜೇತಾ, ಒಂದ್ ಕಾಗ್ದ ತಾ."

ವಿಜೇತಾ ಕಾಗದ, ಪೆನ್ನು ತಂದು ಮಂಚದ ಮೇಲಿಟ್ಟಳು. ನಾನು ಬರೆದೆ. ಮಡಚಿ ಕೊಡಲು ಹೋದರೆ ಜಲಜಕ್ಕ ಕೈ ಚಾಚಲಿಲ್ಲ.

"ನಂದನ್ನ ಓದಿ ಹೇಳಿದ್ಯಲೆ. ನಿಂದನ್ನೂ ಓದ್."

ಓದಿದೆ. 'ಆಕೆಯ ಬುಟ್ಟಿಯಲ್ಲಿ ಮೀನಿತ್ತು ಎಂದು ವರದಿ ಕೊಡುವ ಮೊದಲೇ ನನಗೆ ತಿಳಿದಿತ್ತು' ಎಂಬಲ್ಲಿ ಓದು ನಿಲ್ಲಿಸಿದೆ. ಅವಳು ಕಾದಳು. ಮತ್ತೆ ಮೊದಲಿನಿಂದ ಓದಿದೆ.

"ಸಮ ಇತ್ತ್" ಎಂದಳು. "ಕೆಳ್ಗೆ ಸಹಿ ಹಾಕ್."