ರೇಲಿಂಗ್ ಇಲ್ಲದ ಮೆಟ್ಟಿಲು

ಬಿರುಕಂತೆ, ಇದು ಬಿರುಕಂತೆ, ಕಿಟಕಿಯ ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಇಳಿದಿದೆ, ಮನೆ ಯಜಮಾನರ ತೋರುಬೆರಳು ಅದರ ಮೇಲೆ ಹತ್ತಿ ಇಳಿದು ಮಾಡುತ್ತಿದೆ, ನೋಡಿ ಕಂಟ್ರಾಕ್ಟರೇ, ಇದೇನಾ ನಿಮ್ಮ ಕೆಲಸ, ಪುಟ್ಟಿ ಒಣಗಿದಾಗ ಬರೋ ಗೆರೆ ಸಾರ್ ಅದು, ಒಂದು ಕೈ ಬಣ್ಣ ಹೊಡೆದ್ರೆ ಮುಚ್ಚಿಹೋಗುತ್ತೆ, ಎಂದು ಹೇಳಿ ಹೇಳಿ ಅವನ ಬಾಯಿ ಒಣಗಿದೆ — ಒಕ್ಕಲಿಗೆ ಬಂದು ಸಾಮಾನು ಇಳಿಸಿದ ದಿನ ಇದೇ ಗೋಡೆ ಸವರಿ, ಆಹಾ, ಗಾಜಿನ ಹಾಗಿದೆ ರೀ ಅಂದದ್ದೂ ಇದೇ ಬೆರಳಿನ ಯಜಮಾನರೇ, ಈಗ ಕೊನೆಯ ಕಂತಿನ ಹೊತ್ತಿಗೆ ಮೊಸರಲ್ಲಿ ಕಲ್ಲು ಹುಡುಕುತ್ತಿದ್ದಾರೆ, ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು, ಮನೆ ಕಟ್ಟಿ ನೋಡು ಅಂತ ಗಾದೆ ಮಾಡಿದ ಪುಣ್ಯಾತ್ಮ ಕಂಡವರ ಮನೆ ಕಟ್ಟಿ ದುಡ್ಡು ಕೇಳಿ ನೋಡು ಅನ್ನುವುದನ್ನು ಮರೆತೇಬಿಟ್ಟ, ಬಿರುಕಿನ ಮಾತು ಬರೀ ನೆಪ, ನಿಜವಾದ ಜಗಳ ಅಲ್ಲಿ ಬೆನ್ನ ಹಿಂದೆ ನಿಂತಿದೆ, ಆ ಮೆಟ್ಟಿಲು, ನಕ್ಷೆಯಲ್ಲಿ ನೇರ ಇತ್ತು, ನೇರವಾಗಿಯೇ ಕಾಂಕ್ರೀಟ್ ಹಾಕಿ, ನೀರು ಕುಡಿಸಿ, ಅದು ಗಟ್ಟಿಯೂ ಆಗಿತ್ತು, ಆಗ ಬಂದು ಸೊಂಟದ ಮೇಲೆ ಕೈಯಿಟ್ಟು, ಮೆಟ್ಟಿಲು ಅರ್ಧಕ್ಕೆ ತಿರುಗಿದ್ರೆ ಕೆಳಗೊಂದು ಸಾಮಾನಿನ ಕೋಣೆ ಸಿಗುತ್ತಲ್ವಾ ಅಂದವರು ಯಾರು, ಒಡೀಬೇಕಾಗುತ್ತೆ ಸಾರ್, ಖರ್ಚು ಬರುತ್ತೆ ಅಂದರೆ, ಮಾಡ್ರೀ, ಆಮೇಲೆ ನೋಡೋಣ — ಆಮೇಲೆ ನೋಡೋಣ, ಎಷ್ಟು ಮನೆ ಕಟ್ಟಿದರೂ ಈ ಮಾತನ್ನು ನಂಬುವ ಚಾಳಿ ಅವನಿಗೆ ಹೋಗಲಿಲ್ಲ, ಬರೆಸಿಕೊಳ್ಳಬೇಕಿತ್ತು, ಆದರೆ ಹೆಗಲ ಮೇಲೆ ಕೈಹಾಕಿ ಮಾತಾಡಿಸುವ ಮನುಷ್ಯನ ಮುಂದೆ ಪೆನ್ನು ಹಿಡಿಯುವುದು ಹೇಗೆ, ಈಗ ಆ ಆಮೇಲೆ ಬಂದಾಗಿದೆ, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತಿದೆ, ಮಾಡಿ ಅಂದಿದ್ದು ನಿಜ ಕಣ್ರೀ, ದುಡ್ಡು ಬೇರೆ ಕೊಡ್ತೀನಿ ಅಂದಿದ್ನಾ. ಒಡೆದವರಿಗೂ ಮತ್ತೆ ಕಟ್ಟಿದವರಿಗೂ ಇವನು ಕೂಲಿ ಕೊಟ್ಟದ್ದು ತನ್ನ ಹೆಂಡತಿಯ ಬಳೆ ಅಡವಿಟ್ಟು, ಅವಳು ಈಗ ನೆಂಟರು ಬಂದಾಗ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ.

ಕೆಲಸ ಕಲಿಸಿದ ಸೋದರಮಾವ ಹೇಳಿಯೇ ಹೇಳಿದ್ದ, ಲೋ, ಕೊನೇ ಕಂತು ಕೈಗೆ ಬರೋ ತನಕ ಏನಾದ್ರೂ ಒಂದು ಕೆಲಸ ಉಳಿಸ್ಕೊಂಡಿರು, ಪೂರ್ತಿ ಮುಗಿಸ್ದೆ ಅಂದ್ರೆ ನಿನ್ನ ಮುಖಾನೂ ಯಾರೂ ನೋಡಲ್ಲ, ಮಾವ ಉಳಿಸುತ್ತಿದ್ದದ್ದು ಗೇಟಿನ ಬಣ್ಣ, ಕಪಾಟಿನ ಹಿಡಿ, ಯಾರ ಮೈಗೂ ತಾಗದಂಥ ಕೆಲಸ, ಇವನು ಉಳಿಸಿಕೊಂಡದ್ದು ಮೆಟ್ಟಿಲಿನ ರೇಲಿಂಗ್, ಯಾಕೆ ಅಂದರೆ ಸಿಟ್ಟು, ಯಾವುದರ ದುಡ್ಡು ನುಂಗಿದರೋ ಅದೇ ದಿನಾ ಕಣ್ಣಿಗೆ ಚುಚ್ಚಲಿ ಅಂತ. ರೇಲಿಂಗ್ ಏನೋ ತಯಾರಾಗಿ ವೆಲ್ಡರ್ ಅಂಗಡಿಯಲ್ಲಿ ಗೋಡೆಗೊರಗಿ ನಿಂತಿದೆ, ನಾನು ಹೇಳೋ ತನಕ ಕಳಿಸ್ಬೇಡ ಅಂದವನು ಇವನೇ, ರೇಲಿಂಗ್ ಹಾಕಿ, ದುಡ್ಡು ತಗೊಳ್ಳಿ, ದುಡ್ಡು ಕೊಡಿ ಸಾರ್, ರೇಲಿಂಗ್ ಹಾಕ್ತೀನಿ, ಎತ್ತು ಏರಿಗೆ, ಕೋಣ ನೀರಿಗೆ, ಅಷ್ಟರಲ್ಲಿ ಮೇಲಿನಿಂದ, ಯಾರದು, ನಮ್ಮ ಕಂಟ್ರಾಕ್ಟರಾ — ಯಜಮಾನರ ತಾಯಿ, ತಾರಸಿಯಿಂದ ಬಟ್ಟೆ ತರುತ್ತಿದ್ದಾರೆ, ಕೆಲಸ ನಡೆಯುವಾಗ ಇಟ್ಟಿಗೆ ರಾಶಿಯ ಮೇಲೆ ಕೂತು ಊಟ ಆಯ್ತೇನಪ್ಪಾ ಅಂತ ಕೇಳುತ್ತಿದ್ದವರು ಈ ಮನೆಯಲ್ಲಿ ಇವರೊಬ್ಬರೇ, ಕಣ್ಣಿಗೆ ಪೊರೆ ಬಂದಿದೆ, ಗೋಡೆಯ ಕಡೆಯ ಕಂಕುಳಲ್ಲಿ ಬಟ್ಟೆಯ ಗಂಟು, ಕಾಲು ಮೆಟ್ಟಿಲನ್ನು ತಡವುತ್ತಿದೆ, ಈಚೆಯ ಕೈ ಪಕ್ಕಕ್ಕೆ ಚಾಚಿತು, ಬೆರಳು ಬಿಚ್ಚಿದವು, ಏನೂ ಇಲ್ಲದ ಕಡೆ ಮುಚ್ಚಿಕೊಂಡವು. ಇವನು ಕುರ್ಚಿಯಿಂದ ಅರ್ಧ ಎದ್ದ, ಯಜಮಾನರೂ ಅರ್ಧ ಎದ್ದರು, ಕಣ್ಣಿಗೆ ಕಣ್ಣು ಸಿಕ್ಕಿತು, ಇವನು ಓಡಿದರೆ ತಪ್ಪು ಇವನದೇ ಅಂತ ಒಪ್ಪಿದ ಹಾಗೆ, ಅವರು ಓಡಿದರೆ ರೇಲಿಂಗಿನ ಅವಸರ ತಮ್ಮದೇ ಅಂತ ತೋರಿಸಿಕೊಂಡ ಹಾಗೆ, ಇಬ್ಬರೂ ಕೂತರು, ಕೂತೇಬಿಟ್ಟರು, ತಿರುವಿನಲ್ಲಿ ಆ ಕೈ ಇನ್ನೊಮ್ಮೆ ಚಾಚಿತು, ಬೆರಳು ಬಿಚ್ಚಿದವು, ಮುಚ್ಚಿಕೊಂಡವು, ಇಬ್ಬರೂ ನೋಡುತ್ತಲೇ ಇದ್ದರು, ಆಕೆ ಹೇಗೋ ಕೆಳಗೆ ಮುಟ್ಟಿ, ಉಸಿರು ಬಿಟ್ಟು, ಪಾಪ, ಈ ಮೆಟ್ಟಿಲ ಕಂಬಿಗೆ ಸಾಮಾನು ಸಿಕ್ತಿಲ್ವಂತಲ್ಲಪ್ಪಾ, ಮಗ ಹೇಳ್ದ, ಸಿಕ್ಕಾಗ ಹಾಕು, ನಮಗೇನೂ ಅವಸರ ಇಲ್ಲ, ಅಂದರು, ಹೌದಮ್ಮ, ಸಿಕ್ತಿಲ್ಲ, ಅಂದ ಇವನು, ಯಜಮಾನರೂ ಹೂಂ ಅಂದರು, ಇಷ್ಟು ದಿನದ ಜಗಳದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಬೀದಿಯಲ್ಲಿ ಸ್ಕೂಟರಿಗೆ ಕೀಲಿ ಹಾಕಿದ್ದಾನೆ, ತಿರುಗಿಸಿಲ್ಲ, ಮುಖ ಬಿಸಿಯಾಗಿದೆ, ಸಿಟ್ಟಿಗೋ ನಾಚಿಕೆಗೋ, ನಾಚಿಕೆಗೇ ಇರಬೇಕು, ಅವರ ತಾಯಿ ತಾನೇ, ಮಗನೇ ಏಳಲಿಲ್ಲ, ನನಗೇನು, ಅಂತ ಅಂದುಕೊಂಡು ನೋಡಿದ, ಅನ್ನಿಸಲಿಲ್ಲ, ಫೋನು, ವೆಲ್ಡರ್, ಅಣ್ಣಾ, ಅಂಗಡೀಲಿ ಜಾಗ ಸಾಲ್ತಿಲ್ಲ, ನಿಮ್ಮ ರೇಲಿಂಗ್ ಗಾಡಿಗೆ ಹಾಕ್ಲಾ ಬೇಡ್ವಾ, ಕಳಿಸು ಅಂದರೆ ದುಡ್ಡಿಗೆ ಎಳ್ಳುನೀರು ಬಿಟ್ಟ ಹಾಗೆ, ಬಳೆಗೂ ಬಿಟ್ಟ ಹಾಗೆ, ಸೋತ ನೋಡು ಅಂತ ಯಜಮಾನರು ಮೀಸೆಯಡಿಯಲ್ಲೇ ನಗುತ್ತಾರೆ, ಬೇಡ ಅಂದರೆ ನಾಳೆಯೂ ತಾರಸಿಯಲ್ಲಿ ಬಟ್ಟೆ ಒಣಗುತ್ತವೆ, ಆಕೆ ಹತ್ತುತ್ತಾರೆ, ಇಳಿಯುತ್ತಾರೆ, ಅಣ್ಣಾ, ಕೇಳಿಸ್ತಿದೆಯಾ, ಕೈ ಚಾಚುತ್ತದೆ, ಅಣ್ಣಾ, ಹಲೋ, ಬೆರಳು ಬಿಚ್ಚುತ್ತವೆ, ಹೂಂ ಅನ್ನಿ ಇಲ್ಲಾ ಊಹೂಂ ಅನ್ನಿ, ಬೆರಳು ಬಿಚ್ಚುತ್ತವೆ, ಏನೂ ಇಲ್ಲದ ಕಡೆ ಮುಚ್ಚಿಕೊಳ್ಳುತ್ತವೆ, ಬಿಚ್ಚುತ್ತವೆ,